ಮಗನಿಗೆ ಗೊತ್ತಿತ್ತೇ?

ಬಕ್ರೀದ್ ದಿನ ಮೈಸೂರಿನ ತಿಲಕ್ ನಗರದ ಈದ್ಗಾದಲ್ಲಿ ನೆನೆಯುವ ಕಥೆ, ನಮ್ಮ ಸಂತ ಫಿಲೋಮಿನಾದಂಥ ಕೆಥೋಲಿಕ್ ಚರ್ಚುಗಳ ಈಸ್ಟರ್ ಜಾಗರಣೆಗೆ ಗೊತ್ತುಪಡಿಸಿದ ವಾಚನಗಳಲ್ಲೂ ಇದೆ. ದೇವರ ಆಜ್ಞೆಯಂತೆ ಮಗನನ್ನು ಬಲಿ ಕೊಡಲು ಹೊರಟ ತಂದೆ ಅಬ್ರಹಾಮನ (ಇಬ್ರಾಹಿಮನ) ಕಥೆ. ಕೊನೆಗೆ ಮಗ ಉಳಿದು ಟಗರು ಬಲಿಯಾಗುತ್ತದೆ. ಕೇಳಿದವರ ಮೊದಲ ಪ್ರಶ್ನೆ: ಆ ಮಗ ಇಸಾಕನೋ, ಇಸ್ಮಾಯಿಲನೋ? ಬೈಬಲಿನ ಮೊದಲ ಪುಸ್ತಕ ಆದಿಕಾಂಡ ಇಸಾಕ ಎನ್ನುತ್ತದೆ. ಕುರ್‌ಆನಿನ 37ನೇ ಅಧ್ಯಾಯದ ಬಲಿಯ ವಚನಗಳಲ್ಲಿ ಹುಡುಗನ ಹೆಸರೇ ಇಲ್ಲ. ಹಳೆಯ ವ್ಯಾಖ್ಯಾನಕಾರ ತಬರಿ ಇಸ್‌ಹಾಕ್ (ಇಸಾಕ) ಎಂದ, 14ನೇ ಶತಮಾನದ ಇಬ್ನ್ ಕಸೀರ್ ಇಸ್ಮಾಯಿಲ್ ಎಂದ. ಇಂದು ಬಹುತೇಕ ಮುಸ್ಲಿಮರು ನಂಬುವುದು ಇಸ್ಮಾಯಿಲನನ್ನೇ.

ಹೆಸರಿಗೇ ಅಂಟಿಕೊಂಡರೆ ಓದು ಅಲ್ಲಿಗೇ ನಿಲ್ಲುತ್ತದೆ. ತನಗೇನಾಗಲಿದೆ ಎಂದು ಮಗನಿಗೆ ಗೊತ್ತಿತ್ತೇ ಎಂದು ಕೇಳಿ ನೋಡಿ.

ಆದಿಕಾಂಡ 22ರಲ್ಲಿ ತಂದೆ ಸೌದೆಯನ್ನು ಮಗನ ಮೇಲೆ ಹೊರಿಸಿ, ಬೆಂಕಿ, ಕತ್ತಿ ತಾನು ಹಿಡಿಯುತ್ತಾನೆ. ಬೆಂಕಿ, ಸೌದೆ ಇವೆ, ಕುರಿ ಎಲ್ಲಿ ಎಂದು ಮಗ ಕೇಳುತ್ತಾನೆ. ದೇವರೇ ಒದಗಿಸುತ್ತಾನೆ ಎನ್ನುತ್ತಾನೆ ತಂದೆ. ಆಮೇಲೆ ಮಗನ ಬಾಯಿಂದ ಒಂದು ಮಾತೂ ಇಲ್ಲ.

ಯೆಹೂದಿ ಧರ್ಮಗುರುಗಳಾದ ರಬ್ಬಿಗಳು ಬೆರಳಿಟ್ಟದ್ದು ಈ ಮೌನದ ಮೇಲೆ. ತಾಯಿ ಸಾರಾಳಿಗೆ ಅವನನ್ನು ಹೆತ್ತಾಗ 90, ಸತ್ತಾಗ 127. ಮುಂದಿನ ಅಧ್ಯಾಯದಲ್ಲೇ ಬರುವ ಅವಳ ಸಾವನ್ನು ಈ ಘಟನೆಗೆ ಜೋಡಿಸಿದರೆ ಮಗನಿಗೆ 37 ವರ್ಷ. ನೂರು ದಾಟಿದ ಮುದುಕ ಅಂಥವನನ್ನು ಕಟ್ಟಬೇಕಾದರೆ ಅವನೇ ಒಪ್ಪಿರಬೇಕು. ಬೆದರಿ ಅಲುಗಾಡಿಬಿಟ್ಟೇನು, ಬಿಗಿಯಾಗಿ ಕಟ್ಟಪ್ಪ ಎಂದು ಅವನ ಬಾಯಲ್ಲಿ ಹೇಳಿಸುತ್ತದೆ ರಬ್ಬಿಗಳ ವ್ಯಾಖ್ಯಾನವಾದ ಮಿದ್ರಾಶ್. ಕಥೆಗೆ ಅವರಿಟ್ಟ ಹೆಸರು ‘ಅಕೇದಾ’, ಅಂದರೆ ಕಟ್ಟುವುದು, ಬಲಿ ಎಂದಲ್ಲ. ಯೆಹೂದಿ ಹೊಸ ವರ್ಷದ ಎರಡನೆಯ ದಿನ ಇದನ್ನು ಓದುತ್ತಾರೆ, ಟಗರಿನ ಕೊಂಬು ಊದುತ್ತಾರೆ.

ಕ್ರೈಸ್ತರ ಕಣ್ಣು ಸೌದೆಯ ಮೇಲೆ. ಅದನ್ನು ಹೊತ್ತು ಬೆಟ್ಟ ಹತ್ತುವ ಮಗನಲ್ಲಿ ಶಿಲುಬೆ ಹೊತ್ತ ಯೇಸುವನ್ನು ಕಾಣುತ್ತಾರೆ. ಸತ್ತವನನ್ನು ದೇವರು ಎಬ್ಬಿಸಬಲ್ಲನೆಂದು ತಂದೆ ನಂಬಿದ್ದ ಎನ್ನುತ್ತದೆ ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ, ಇಬ್ರಿಯರಿಗೆ ಬರೆದ ಪತ್ರಿಕೆ (11:19).

ಕುರ್‌ಆನಿನಲ್ಲಿ ಮುಚ್ಚುಮರೆಯೇ ಇಲ್ಲ. ಕಂಡ ಕನಸನ್ನು ಹೇಳಿ, ‘ನೀನೇನನ್ನುತ್ತೀ?’ ಎಂದು ತಂದೆಯೇ ಕೇಳುತ್ತಾನೆ. ಆಜ್ಞೆಯಾದಂತೆ ಮಾಡಿ ಎನ್ನುತ್ತಾನೆ ಮಗ. ಇಬ್ಬರೂ ಶರಣಾದರು ಎಂಬಲ್ಲಿನ ಅರಬ್ಬಿ ಕ್ರಿಯಾಪದ ‘ಇಸ್ಲಾಂ’ ಪದದ ಧಾತುವಿನದೇ.

ಒಂದನ್ನು ಮೂಲ, ಇನ್ನೊಂದನ್ನು ಕೆಟ್ಟ ನಕಲು ಎಂದು ಓದುವವರು ಎಡವುವುದು ಇಲ್ಲೇ. ಜೈನ ರಾಮಾಯಣದಲ್ಲಿ ಲಕ್ಷ್ಮಣನೇ ರಾವಣನನ್ನು ಕೊಲ್ಲುತ್ತಾನೆ. ಕನ್ನಡಿಗರು ಅದನ್ನು ಕವಿಯ ಮರೆವು ಎನ್ನುವುದಿಲ್ಲ. ಆದಿಕಾಂಡ 22:1–19, ಕುರ್‌ಆನ್ 37:100–113, ಎರಡರ ಕನ್ನಡ ಅನುವಾದವನ್ನೂ ಪಕ್ಕಪಕ್ಕ ಇಟ್ಟು, ಮಗ ಆಡುವ ಮಾತಿಗೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಆದಿಕಾಂಡದ 19ನೇ ವಚನದ ಹತ್ತಿರ ತುಸು ನಿಲ್ಲಿ. ಅಬ್ರಹಾಮ ಸೇವಕರ ಬಳಿಗೆ ಹಿಂತಿರುಗಿದ ಎಂದಿದೆ, ಮಗನ ಸುದ್ದಿಯಿಲ್ಲ. ಅವನನ್ನು ನೋಹನ ಮಗ ಶೇಮನ ಹತ್ತಿರ ಓದಲು ಕಳಿಸಿದ್ದ ಎನ್ನುತ್ತಾರೆ ರಬ್ಬಿಗಳು.