ಲಿಬೆರೊ: ಯಾವುದರಿಂದ ಬಿಡುಗಡೆ?

ಆಗಸ್ಟ್‌ನಲ್ಲಿ ಇಂಗ್ಲಿಷ್ ಪ್ರೀಮಿಯರ್ ಲೀಗ್ ಶುರುವಾಗಿ ಮೂರು ಪಂದ್ಯ ಮುಗಿಯುವಷ್ಟರಲ್ಲಿ ಹಾಸನ, ಚಿಕ್ಕಮಗಳೂರಿನ ಫುಟ್‌ಬಾಲ್ ಮಾತುಕತೆಯಲ್ಲಿ ಲಿಬೆರೊ ಎಂಬ ಪದ ಬಂದೇ ಬರುತ್ತದೆ. ಹೊಸದಾಗಿ ಕೊಂಡ ಸೆಂಟರ್ ಬ್ಯಾಕ್ (ಗೋಲಿನ ಎದುರು ನಡುವೆ ಕಾಯುವ ಡಿಫೆಂಡರ್) ಒಮ್ಮೆ ಹಿಂದಕ್ಕೆ ಓಡಿ ಚೆಂಡು ತೆಗೆದರೆ ಅವನು ಲಿಬೆರೊ. ಮೂವರು ಡಿಫೆಂಡರ್‌ಗಳ ನಡುವೆ ನಿಂತವನು ಲಿಬೆರೊ. ಚೆಂಡಿನ ಜೊತೆ ಮಿಡ್‌ಫೀಲ್ಡಿಗೆ ನುಗ್ಗಿದವನೂ ಲಿಬೆರೊ. ಒಪ್ಪಂದ ಮುಗಿದು ವರ್ಗಾವಣೆ ಶುಲ್ಕವಿಲ್ಲದೆ ಬಂದ ಆಟಗಾರನನ್ನು ಕೂಡ, ಪದದ ಅರ್ಥ ‘ಫ್ರೀ’ ಎಂಬ ಒಂದೇ ಕಾರಣಕ್ಕೆ ಹಾಗೆ ಕರೆದದ್ದು ಕಣ್ಣಿಗೆ ಬಿದ್ದ ಮೇಲೆ ಇದನ್ನು ಬಿಡಿಸಿ ಹೇಳಲೇಬೇಕು.

ಗೊಂದಲದ ಬೇರು ಇರುವುದು ವಾಲಿಬಾಲ್ ಅಂಕಣದಲ್ಲಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಹೊನಲು ಬೆಳಕಿನ ಪಂದ್ಯಾವಳಿ ನೋಡಿ ಬೆಳೆದವರಿಗೆ ಲಿಬೆರೊ ಎಂದರೆ ಬೇರೆ ಬಣ್ಣದ ಜೆರ್ಸಿ ತೊಟ್ಟು ಹಿಂದಿನ ಸಾಲಿನಲ್ಲಿ ಬಿದ್ದು ಎದ್ದು ಚೆಂಡು ಎತ್ತುವವನು. ‘ಲಿಬ್ರೊ’ ಎನ್ನುವವರೇ ಹೆಚ್ಚು. ಇಟಾಲಿಯನ್ ಉಚ್ಚಾರಣೆಯಲ್ಲಿ ಮೂರು ಅಕ್ಷರವೂ ಕೇಳುತ್ತವೆ, ಒತ್ತು ಮೊದಲನೆಯದರ ಮೇಲೆ. (ಲಿಬ್ರೊ ಎಂದರೆ ಆ ಭಾಷೆಯಲ್ಲಿ ಪುಸ್ತಕ.) ಅಂತರರಾಷ್ಟ್ರೀಯ ವಾಲಿಬಾಲ್ ಈ ಸ್ಥಾನವನ್ನು ನಿಯಮಕ್ಕೆ ಸೇರಿಸಿದ್ದು 1998ರಲ್ಲಿ. ಹಿಂದಿನ ಸಾಲಿನ ಯಾರ ಜಾಗಕ್ಕಾದರೂ ಅವನು ಬರಬಹುದು, ಹೋಗಬಹುದು. ನಡುವೆ ಒಂದು ರ‍್ಯಾಲಿ ಮುಗಿದಿದ್ದರೆ ಸಾಕು, ಒಂದು ಸೆಟ್ಟಿಗೆ ಆರೇ ಬದಲಿ ಎಂಬ ಲೆಕ್ಕಕ್ಕೆ ಅವನ ಓಡಾಟ ಸೇರುವುದಿಲ್ಲ. ಅವನ ಬಿಡುಗಡೆ ಇಷ್ಟೇ, ಈ ಲೆಕ್ಕದಿಂದ. ಉಳಿದಂತೆ ಅಂಕಣದಲ್ಲಿ ಅವನಷ್ಟು ಕಟ್ಟುಪಾಡು ಇರುವವನು ಇನ್ನೊಬ್ಬನಿಲ್ಲ. ಸರ್ವ್ ಮಾಡುವಂತಿಲ್ಲ, ಬ್ಲಾಕ್‌ಗೆ ಏಳುವಂತಿಲ್ಲ, ನೆಟ್ಟಿನ ಮೇಲಂಚಿಗಿಂತ ಪೂರ್ತಿ ಮೇಲಿರುವ ಚೆಂಡನ್ನು ಹೊಡೆದು ಆಚೆ ದಾಟಿಸುವಂತಿಲ್ಲ. 3 ಮೀಟರ್ ಗೆರೆಯ ಮುಂದೆ ನಿಂತು ಬೆರಳಿನಲ್ಲಿ ಅವನು ಎತ್ತಿಕೊಟ್ಟ ಚೆಂಡನ್ನು ಜೊತೆಗಾರ ನೆಟ್ಟಿನ ಎತ್ತರಕ್ಕಿಂತ ಮೇಲೆ ಸ್ಮ್ಯಾಶ್ ಮಾಡಿದರೂ ತಪ್ಪೇ. ಇಂಥವನನ್ನು ‘ಸ್ವತಂತ್ರ’ ಎಂದು ಕರೆಯುತ್ತೇವೆ ಎಂದಾದರೆ, ಯಾವುದರಿಂದ ಸ್ವತಂತ್ರ ಎಂದು ಕೇಳದೆ ಪದ ಅರ್ಥವಾಗುವುದಿಲ್ಲ.

ಫುಟ್‌ಬಾಲ್‌ನಲ್ಲೂ ಕೇಳಬೇಕಾದ ಪ್ರಶ್ನೆ ಅದೇ. ಲಿಬೆರೊ ಲ್ಯಾಟಿನ್ ಮೂಲದ ಇಟಾಲಿಯನ್ ಪದ, ಅರ್ಥ ಬಿಡುಗಡೆ ಉಳ್ಳವನು. ಎಲ್ಲಿ ಬೇಕಾದರೂ ಅಡ್ಡಾಡುವ ಬಿಡುಗಡೆ ಇದಲ್ಲ. ಮ್ಯಾನ್ ಮಾರ್ಕಿಂಗ್ ಕಾಲದಲ್ಲಿ ಪ್ರತಿ ಡಿಫೆಂಡರ್‌ಗೂ ಒಬ್ಬ ಎದುರಾಳಿಯನ್ನು ಗಂಟು ಹಾಕಿರುತ್ತಿದ್ದರು. ಆ ಎದುರಾಳಿ ಎಲ್ಲಿಗೆ ಹೋದರೂ ಇವನು ಹಿಂದೆಯೇ ಹೋಗಬೇಕು. ಹಾಗೆ ಯಾರನ್ನೂ ಗಂಟು ಹಾಕದೆ ಬಿಟ್ಟವನು ಲಿಬೆರೊ. ಉಳಿದವರು ಕೈಬಿಟ್ಟ ಚೆಂಡು, ತಪ್ಪಿಸಿಕೊಂಡ ಎದುರಾಳಿ ಅವನ ಪಾಲು. ಗಲ್ಲಿ ಕ್ರಿಕೆಟ್‌ನಲ್ಲಿ ಕೀಪರ್ ಹಿಂದೆ ಲಾಂಗ್ ಸ್ಟಾಪ್‌ಗೆ ಒಬ್ಬನನ್ನು ನಿಲ್ಲಿಸುತ್ತಾರಲ್ಲ, ಕೆಲಸ ಹೆಚ್ಚುಕಡಿಮೆ ಅದೇ. ಇಂಗ್ಲಿಷಿನವರು ಸ್ವೀಪರ್, ಅಂದರೆ ಗುಡಿಸುವವನು, ಎಂದಿದ್ದು ಇದಕ್ಕೇ.

ಈ ಪದ್ಧತಿಯ ಹೆಸರು ನಮ್ಮ ಕಡೆಯ ಹಳೇ ಮನೆಗಳಿಗೆ ಬಹಳ ಹತ್ತಿರ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಕೋಚ್ ಕಾರ್ಲ್ ರಾಪ್ಪಾನ್ ಒಬ್ಬ ಡಿಫೆಂಡರ್‌ನನ್ನು ಉಳಿದವರ ಹಿಂದಕ್ಕೆ ಇಳಿಸಿದ. ಫ್ರೆಂಚಿನಲ್ಲಿ ಇದನ್ನು ‘ವೆರೂ’ ಎಂದರು, ಅಂದರೆ ಚಿಲಕ. 1938ರ ವಿಶ್ವಕಪ್‌ನಲ್ಲಿ ಸ್ವಿಸ್ ತಂಡ ಜರ್ಮನಿಯನ್ನು ಮರುಪಂದ್ಯದಲ್ಲಿ 4-2ರಿಂದ ಸೋಲಿಸಿದ್ದು ಈ ಚಿಲಕದ ಬಲದಿಂದ. ಇಟಲಿಗೆ ಬಂದಾಗ ಅದು ‘ಕತೆನಾಚ್ಚೊ’ ಆಯಿತು, ಅರ್ಥ ಮತ್ತದೇ. ಮಲೆನಾಡಿನ ಮನೆಯ ಹೆಬ್ಬಾಗಿಲು ನೋಡಿದವರಿಗೆ ಚಿತ್ರ ತಕ್ಷಣ ಹೊಳೆಯಬೇಕು: ಎರಡು ಕದ ಮುಂದೆ, ಅದರ ಹಿಂದೆ ಅಡ್ಡಲಾಗಿ ಒಂದು ಅಗುಳಿ. ಕದ ಅಲುಗಾಡಿದರೂ ಅಗುಳಿ ತಡೆಯುತ್ತದೆ. ಕೋಚ್ ಹೆಲೆನಿಯೊ ಹೆರೆರಾನ ಇಂಟರ್ ಮಿಲಾನ್‌ನಲ್ಲಿ ಆ ಅಗುಳಿ ಅರ್ಮಾಂಡೊ ಪಿಕ್ಕಿ. ತಂಡ 1964, 1965ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. 1967ರ ಫೈನಲ್‌ನಲ್ಲಿ ಲಿಸ್ಬನ್‌ನಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ 2-1ರಿಂದ ಆ ಬಾಗಿಲು ಮುರಿಯಿತು.

ಲಿಬೆರೊ ಎಂದರೆ ಚೆಂಡಿನ ಜೊತೆ ಮುನ್ನುಗ್ಗುವವನು ಎಂಬ ನಂಬಿಕೆ ಪಶ್ಚಿಮ ಜರ್ಮನಿಯ ಫ್ರಾಂಜ್ ಬೆಕೆನ್‌ಬಾವರ್ ಕೊಟ್ಟ ಬಳುವಳಿ. ಅವನಂತೆ ಆ ಸ್ಥಾನವನ್ನು ಚೆಂದ ಮಾಡಿದವರು ವಿರಳ, ಸರಿಯೇ. ಆದರೆ ಅವನು ಲಿಬೆರೊ ಆದದ್ದು ಮುನ್ನುಗ್ಗಿದ್ದರಿಂದಲ್ಲ. 1974ರ ವಿಶ್ವಕಪ್ ಫೈನಲ್ ತೆಗೆದುಕೊಳ್ಳಿ: ಬೆರ್ಟಿ ಫೋಗ್ಟ್ಸ್‌ಗೆ ಎದುರಾಳಿ ನೆದರ್ಲೆಂಡ್ಸ್ ತಂಡದ ಯೋಹಾನ್ ಕ್ರೈಫ್‌ನನ್ನು ಗಂಟು ಹಾಕಿದ್ದರು, ಬೆಕೆನ್‌ಬಾವರ್‌ಗೆ ಯಾರನ್ನೂ ಹಾಕಿರಲಿಲ್ಲ. ಅವನನ್ನು ಹಿಂಬಾಲಿಸುವ ಹೊಣೆ ಎದುರಾಳಿಯಲ್ಲೂ ಯಾರಿಗೂ ಇರಲಿಲ್ಲವಾದ್ದರಿಂದ ಚೆಂಡು ಸಿಕ್ಕಾಗ ಮುಂದೆ ಖಾಲಿ ಜಾಗ ಇರುತ್ತಿತ್ತು. ಮುನ್ನುಗ್ಗುವುದು ಆ ಬಿಡುಗಡೆಯ ಫಲ. ಇದನ್ನು ತಿರುಗಿಸಿ, ಮುನ್ನುಗ್ಗುವವರೆಲ್ಲ ಲಿಬೆರೊ ಎಂದರೆ ಆಗುವುದಿಲ್ಲ. 2023ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಜಾನ್ ಸ್ಟೋನ್ಸ್ ಮ್ಯಾಂಚೆಸ್ಟರ್ ಸಿಟಿಗೆ ಡಿಫೆನ್ಸ್‌ನಿಂದ ಮಿಡ್‌ಫೀಲ್ಡಿಗೆ ಹತ್ತಿ ಆಡಿದ್ದನ್ನು ಇಂದಿಗೂ ಲಿಬೆರೊ ಎನ್ನುವವರಿದ್ದಾರೆ. ತನ್ನ ತಂಡದ ಬಳಿ ಚೆಂಡಿದ್ದಾಗ ಅವನು ಹೆಚ್ಚುವರಿ ಮಿಡ್‌ಫೀಲ್ಡರ್, ಚೆಂಡು ಹೋದಾಗ ಸಾಲಿಗೆ ಮರಳುವ ಡಿಫೆಂಡರ್. ಯಾರ ಹಿಂದೆಯೂ ಕಾವಲು ನಿಂತವನಲ್ಲ.

ಇನ್ನು ನಿಜವಾದ ಲಿಬೆರೊ ಏಕೆ ಮರೆಯಾದ ಎಂಬುದಕ್ಕೆ ಉತ್ತರ ಆಫ್‌ಸೈಡ್ ನಿಯಮದಲ್ಲಿದೆ. ಜೊತೆಗಾರ ಚೆಂಡು ಪಾಸ್ ಮಾಡುವ ಗಳಿಗೆಯಲ್ಲಿ ಸ್ಟ್ರೈಕರ್ ಒಂದು ಕಾಣದ ಗೆರೆ ದಾಟಿ ಗೋಲಿಗೆ ಹತ್ತಿರ ನಿಂತಿರಬಾರದು. ಆ ಗೆರೆ ನಿರ್ಧಾರವಾಗುವುದು ಕೊನೆಯಿಂದ ಎರಡನೆಯ ಎದುರಾಳಿಯಿಂದ. ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್, ಆದ್ದರಿಂದ ಲಿಬೆರೊ ಒಬ್ಬನೇ ಇಡೀ ತಂಡದ ಗೆರೆ. ಉಳಿದವರು ತಮ್ಮ ಗೋಲಿನಿಂದ 40 ಮೀಟರ್ ದೂರದಲ್ಲಿದ್ದು ಇವನು 8 ಮೀಟರ್ ಹಿಂದಿದ್ದರೆ, ಎದುರಾಳಿ ಸ್ಟ್ರೈಕರ್ ಅವರೆಲ್ಲರನ್ನೂ ದಾಟಿ 8 ಮೀಟರ್ ಒಳಗೆ ಬಂದು ನಿಂತರೂ ಆಫ್‌ಸೈಡ್ ಅಲ್ಲ. 68 ಮೀಟರ್ ಅಗಲದ ಮೈದಾನದಲ್ಲಿ ಅದು ಎಷ್ಟು ಜಾಗ ಎಂದು ಲೆಕ್ಕ ಹಾಕಿ. 1987ರಲ್ಲಿ ಎಸಿ ಮಿಲಾನ್‌ಗೆ ಬಂದ ಕೋಚ್ ಅರಿಗೊ ಸಾಕ್ಕಿ, ಡಿಫೆಂಡರ್ ಫ್ರಾಂಕೊ ಬರೇಸಿಯನ್ನು ಹಿಂದೆ ಇಳಿಸದೆ ನಾಲ್ವರ ಸಾಲಿನಲ್ಲೇ ನಿಲ್ಲಿಸಿದ. ಗಂಟು ಹಾಕುವುದು ಹೋಗಿ, ಪ್ರತಿಯೊಬ್ಬನೂ ಒಂದೊಂದು ಪ್ರದೇಶ ಕಾಯುವ ಪದ್ಧತಿ ಬಂತು. 1989, 1990ರ ಯುರೋಪಿಯನ್ ಕಪ್ ಆ ತಂಡದ್ದು. ಯಾರಿಗೂ ಗಂಟಿಲ್ಲದ ಮೇಲೆ ಒಬ್ಬನನ್ನು ಮಾತ್ರ ‘ಗಂಟಿಲ್ಲದವನು’ ಎನ್ನುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಗುಡಿಸುವ ಕೆಲಸದ ದೊಡ್ಡ ಪಾಲು ಗೋಲ್‌ಕೀಪರ್‌ಗೆ ಹೋಯಿತು. 2014ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ವಿರುದ್ಧ ಜರ್ಮನಿಯ ಗೋಲ್‌ಕೀಪರ್ ಮಾನ್ಯುಯೆಲ್ ನೋಯರ್ ಪೆನಾಲ್ಟಿ ಬಾಕ್ಸ್ ಬಿಟ್ಟು ಹೊರಬಂದು ಮತ್ತೆ ಮತ್ತೆ ಮಾಡಿದ್ದು ಅದನ್ನೇ.

ಈಗ ಆಗಸ್ಟ್‌ಗೆ ಬರೋಣ. ಪದ ತಪ್ಪಾದರೆ ಏನು ನಷ್ಟ ಎನ್ನುವವರಿಗೆ ಇದು ಉತ್ತರ. ಕಡೇ ಗಳಿಗೆಯಲ್ಲಿ ಕೊಂಡ ಸೆಂಟರ್ ಬ್ಯಾಕ್ ಋತುಪೂರ್ವ ತರಬೇತಿ ತಪ್ಪಿಸಿಕೊಂಡೇ ಬಂದಿರುತ್ತಾನೆ. ಹಿಂದಿನ ಕ್ಲಬ್ಬಿನಲ್ಲಿ ಆಳವಾಗಿ ನಿಂತು ಆಡಿದ ಅಭ್ಯಾಸ. ಇಲ್ಲಿ ಮುಂದಿನವರು ಚೆಂಡಿನ ಮೇಲೆ ಬಿದ್ದ ಕೂಡಲೇ ಇಡೀ ಸಾಲು ಮೇಲೇರಬೇಕು, ಚೆಂಡು ಹಿಡಿದವನ ಮೇಲೆ ಒತ್ತಡ ಇಲ್ಲದಿದ್ದರೆ ಎಲ್ಲರೂ ಒಟ್ಟಿಗೆ ಇಳಿಯಬೇಕು. ಮೂವರು ಮೇಲೇರಿದಾಗ ಇವನೊಬ್ಬ ಅಭ್ಯಾಸಬಲದಿಂದ ಎರಡು ಹೆಜ್ಜೆ ಇಳಿಯುತ್ತಾನೆ. ಆಫ್‌ಸೈಡ್ ಆಗಬೇಕಿದ್ದ ಸ್ಟ್ರೈಕರ್ ಸಲೀಸಾಗಿ ಓಡುತ್ತಾನೆ, ಇವನೇ ಬೆನ್ನಟ್ಟಿ ಜಾರಿ ಚೆಂಡು ತೆಗೆಯುತ್ತಾನೆ. ನೋಡಿದವರು ‘ಎಂಥ ಲಿಬೆರೊ!’ ಎನ್ನುತ್ತಾರೆ. ತನ್ನ ತಪ್ಪಿನಿಂದಲೇ ಹುಟ್ಟಿದ ಅಪಾಯವನ್ನು ಅವನು ತಿದ್ದಿದ್ದು ಅದು. ನಾಲ್ಕನೇ ಪಂದ್ಯದಲ್ಲಿ ಇನ್ನೂ ವೇಗದ ಸ್ಟ್ರೈಕರ್ ಎದುರಾದರೆ ಗೋಲು ಬೀಳುತ್ತದೆ, ಆಗ ಬೈಗುಳ ಪಕ್ಕದವನಿಗೆ.

ಪರೀಕ್ಷಿಸುವುದು ಕಷ್ಟವಲ್ಲ. ಎದುರಾಳಿ ಮಿಡ್‌ಫೀಲ್ಡಿನಲ್ಲಿ ಚೆಂಡು ಹಿಡಿದಿರುವಾಗ ಚಿತ್ರ ನಿಲ್ಲಿಸಿ ಸೆಂಟರ್ ಬ್ಯಾಕ್‌ಗಳ ನಡುವೆ ಒಂದು ಗೆರೆ ಎಳೆದುಕೊಳ್ಳಿ. ಟೀವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದರಿಂದ ಹಿಂಬದಿ ಹಲವು ಸಲ ಕಾಣುವುದಿಲ್ಲ. ಚೆಂಡು ಹಿಂದಕ್ಕೆ ಪಾಸ್ ಆಗಿ ದೃಶ್ಯ ಅಗಲವಾದ ಕ್ಷಣ ಹಿಡಿಯಿರಿ. 10ನೇ ನಿಮಿಷ, 30ನೇ ನಿಮಿಷ, 70ನೇ ನಿಮಿಷ ಮೂರರಲ್ಲೂ ಒಬ್ಬನೇ ಐದಾರು ಮೀಟರ್ ಹಿಂದಿದ್ದು, ಉಳಿದವರು ತಮ್ಮ ತಮ್ಮ ಎದುರಾಳಿಗೆ ಅಂಟಿಕೊಂಡಿದ್ದರೆ ಮಾತ್ರ ಆ ಪದ ಬಳಸಿ. ಉದ್ದ ಪಾಸ್ ಬಂದಾಗ ಒಮ್ಮೆ ಇಳಿದರೆ ಅದು ಕವರ್, ಅಂದರೆ ಪಕ್ಕದವನ ಬೆನ್ನು ಕಾಯುವುದು. ಇಬ್ಬರು ಸ್ಟ್ರೈಕರ್‌ಗಳ ಎದುರು ಮೂವರು ಡಿಫೆಂಡರ್ ಇದ್ದಾಗ ನಡುವಿನವನು ಆ ಗಳಿಗೆಗೆ ಮಿಕ್ಕವನು, ಎದುರಾಳಿ ಮೂರನೆಯವನನ್ನು ಮುಂದೆ ಕಳಿಸಿದರೆ ಆ ಮಿಗತೆಯೂ ಮುಗಿಯಿತು. 2024ರ ನವೆಂಬರ್‌ನಲ್ಲಿ ಕೋಚ್ ರೂಬೆನ್ ಅಮೊರಿಮ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮೂವರು ಡಿಫೆಂಡರ್ ಆಡುವ 3-4-3 ತಂದ ಮೇಲೆ ಈ ನಡುವಿನವನಿಗೆ ಲಿಬೆರೊ ಹೆಸರು ಅಂಟಿಸುವುದು ಹೆಚ್ಚಾಗಿದೆ. ಅವನಿಗೆ ‘ನಡುವಿನ ಸೆಂಟರ್ ಬ್ಯಾಕ್’ ಎಂಬ ಸಾದಾ ಹೆಸರು ಸಾಕು.

ಕೊನೆಗೆ ಆ ‘ಫ್ರೀ’ ಆಟಗಾರ. ಯುರೋಪಿಯನ್ ನ್ಯಾಯಾಲಯ 1995ರಲ್ಲಿ ಕೊಟ್ಟ ಬೋಸ್ಮನ್ ತೀರ್ಪಿನ ನಂತರ ಯುರೋಪ್‌ನಲ್ಲಿ ಒಪ್ಪಂದ ಮುಗಿದವನು ಹಳೆಯ ಕ್ಲಬ್ಬಿಗೆ ಶುಲ್ಕ ಕೊಡಿಸದೆ ಹೊರಡಬಹುದು. ಅವನ ಬಿಡುಗಡೆ ಒಪ್ಪಂದದಿಂದ. ಹೊಸ ಕ್ಲಬ್ಬಿಗೆ ಅವನು ಪುಕ್ಕಟೆಯೂ ಅಲ್ಲ, ಸಹಿ ಹಾಕಲು ಕೊಡುವ ಮೊತ್ತ, ಏಜೆಂಟನ ಪಾಲು, ದೊಡ್ಡ ಸಂಬಳ ಎಲ್ಲ ಇರುತ್ತದೆ. ಅವನು ಗೋಲ್‌ಕೀಪರ್ ಆಗಿರಬಹುದು, ಲೆಫ್ಟ್ ವಿಂಗರ್ ಆಗಿರಬಹುದು. ಇಂಗ್ಲಿಷಿನಲ್ಲಿ ಅವನಿಗೆ ಫ್ರೀ ಏಜೆಂಟ್ ಎನ್ನುತ್ತಾರೆ, ಕನ್ನಡದಲ್ಲಿ ‘ಒಪ್ಪಂದ ಮುಗಿದವನು’ ಎಂದರೆ ಹಾಸನದಲ್ಲೂ ಚಿಕ್ಕಮಗಳೂರಲ್ಲೂ ಎಲ್ಲರಿಗೂ ತಿಳಿಯುತ್ತದೆ.