ಖಿನ್ನತೆಯ ಮಾತ್ರೆ: ಡಾಕ್ಟರು ಕೇಳದ್ದು, ನಾವು ಹೇಳದ್ದು

ಮೆಡಿಕಲ್ ಶಾಪಿನಲ್ಲಿ ಐದು ದಿನದ ಮಾತ್ರೆ ಕೇಳಿದರೆ ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸಿ, ಪುಟ್ಟ ಕಾಗದದ ಕವರಿಗೆ ಹಾಕಿ, ಮೇಲೆ ಪೆನ್ನಿನಲ್ಲಿ 'ರಾತ್ರಿ 1' ಅಂತ ಗೀಚಿ ಕೊಡುತ್ತಾರೆ. ಮಾತ್ರೆಯ ಹೆಸರಿನ ಅರ್ಧ ಭಾಗ ಅಂಗಡಿಯಲ್ಲೇ ಉಳಿಯುತ್ತದೆ. ಮಾಹಿತಿ ಚೀಟಿ ಅಂತ ಒಂದಿದ್ದರೆ ಅದೂ ಅಲ್ಲೇ ಡಬ್ಬಿಯೊಳಗೆ. ಜ್ವರದ ಮಾತ್ರೆಯಾದರೆ ಹೋಗಲಿ ಬಿಡಿ, ಮೂರು ದಿನದ ಮಾತು. ಆದರೆ ಖಿನ್ನತೆಗೆ ಕೊಡುವ ಎಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲೂಆಕ್ಸೆಟಿನ್‌ನಂಥ ಮಾತ್ರೆಗಳನ್ನು ಜನ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ನುಂಗುತ್ತಾರೆ. ಏನೇನಾಗಬಹುದು ಅಂತ ಹೇಳಿ ಕಳಿಸಿರುವವರು ಕಡಿಮೆ. ಆಮೇಲೆ ಏನೋ ಆದಾಗ ಎರಡು ದಾರಿ ಕಾಣುತ್ತವೆ. ಒಂದು, ಗೂಗಲ್ ಮಾಡಿ ಹೆದರಿಕೊಳ್ಳುವುದು. ಇನ್ನೊಂದು, ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುವುದು. ಜಾಸ್ತಿ ಯಡವಟ್ಟಾಗುವುದು ಈ ಎರಡನೆಯದರಿಂದಲೇ.

ಇವಕ್ಕೆ ಸೈಡ್ ಎಫೆಕ್ಟ್ ಇದೆಯಾ? ಇದೆ. "ಏನೂ ಆಗಲ್ಲ, ಸುಮ್ನೆ ತಗೊಳ್ಳಿ" ಅನ್ನುವವರ ಮಾತನ್ನೂ ನಂಬಬೇಡಿ, "ಮೆದುಳೇ ಹಾಳಾಗುತ್ತೆ" ಅಂತ ವಾಟ್ಸಾಪಿನಲ್ಲಿ ಕಳಿಸುವ ಮಾವನ ಮಾತನ್ನೂ ನಂಬಬೇಡಿ. ಯಾವ ತೊಂದರೆ ತಾನಾಗೇ ಹೋಗುತ್ತದೆ, ಯಾವುದು ಹೋಗುವುದಿಲ್ಲ, ಯಾವುದಕ್ಕೆ ಅವತ್ತೇ ಆಸ್ಪತ್ರೆಗೆ ಓಡಬೇಕು ಅನ್ನುವುದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ.

ಮೊದಲು ಹೊಟ್ಟೆಯ ವಿಷಯ. ಮಾತ್ರೆ ಕೊಟ್ಟಿದ್ದು ಮನಸ್ಸಿಗೆ, ತೊಳಸುವುದು ಹೊಟ್ಟೆ! ಇದು ಯಾಕೆ ಅಂದರೆ, ಈ ಮಾತ್ರೆಗಳು ಕೈಹಾಕುವುದು ನರಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕಕ್ಕೆ, ನಮ್ಮ ಮೈಯಲ್ಲಿರುವ ಅದರಲ್ಲಿ ಸುಮಾರು 90% ಇರುವುದು ಕರುಳಿನಲ್ಲಿ. ಕರುಳು ಎಷ್ಟು ಜೋರಾಗಿ ಹಿಂಡಬೇಕು ಅನ್ನುವುದರಲ್ಲಿ ಅದಕ್ಕೆ ದೊಡ್ಡ ಪಾತ್ರವಿದೆ. ಮೆದುಳಿನ ನರಕೋಶಗಳು ಹೊರಬಿಟ್ಟ ಸೆರೊಟೋನಿನ್ ಅನ್ನು ಮತ್ತೆ ಒಳಗೆ ಎಳೆದುಕೊಳ್ಳುವ ಒಂದು ಪ್ರೋಟೀನ್ ಇದೆ. ಈ ಮಾತ್ರೆಗಳು ಅದನ್ನು ಅಡ್ಡಗಟ್ಟುತ್ತವೆ. ಅದೇ ಪ್ರೋಟೀನ್ ಕರುಳಿನಲ್ಲೂ ಇದೆ, ರಕ್ತದ ಪ್ಲೇಟ್‌ಲೆಟ್‌ಗಳಲ್ಲೂ ಇದೆ. ಮಾತ್ರೆಗೆ ಮೆದುಳು ಯಾವುದು, ಕರುಳು ಯಾವುದು ಅಂತ ಗೊತ್ತಾಗುವುದಿಲ್ಲ ನೋಡಿ, ಸಿಕ್ಕ ಕಡೆಯೆಲ್ಲ ಕೆಲಸ ಮಾಡುತ್ತದೆ. ಹಾಗಾಗಿ ಮೊದಲ ಒಂದೆರಡು ವಾರ ವಾಕರಿಕೆ, ಸಡಿಲ ಭೇದಿ, ತಲೆನೋವು, ಒಂದಿಷ್ಟು ಬೆವರು. ಕೆಲವರಿಗೆ ನಿದ್ದೆ ಬಾರದು, ಕೆಲವರಿಗೆ ಹಗಲೆಲ್ಲ ತೂಕಡಿಕೆ. ನಿದ್ದೆ ಸಾಕಷ್ಟಾದರೂ ಆಕಳಿಕೆ ಮೇಲೆ ಆಕಳಿಕೆ ಬರುವುದುಂಟು, ಅದೂ ಮಾತ್ರೆಯದೇ. ಮಾತ್ರೆಯನ್ನು ಊಟದ ಜೊತೆ ತಗೊಂಡರೆ ಹೊಟ್ಟೆ ತೊಳಸುವುದು ಸ್ವಲ್ಪ ಕಡಿಮೆಯಾಗುತ್ತದೆ. ನಿದ್ದೆ ಕೆಡುತ್ತಿದ್ದರೆ ಡಾಕ್ಟರನ್ನು ಕೇಳಿ ಬೆಳಿಗ್ಗೆಗೆ ಬದಲಾಯಿಸಿಕೊಳ್ಳಬಹುದು. ಇವೆಲ್ಲ ಹೆಚ್ಚಿನವರಿಗೆ ತಾವಾಗೇ ಇಳಿಯುತ್ತವೆ.

ಕಷ್ಟ ಇರುವುದು ಲೆಕ್ಕಾಚಾರದಲ್ಲಿ. ತೊಂದರೆ ಮೊದಲ ದಿನವೇ ಶುರು, ಮನಸ್ಸು ಹಗುರಾಗಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ. ಮೊದಲೇ ಬೇಸತ್ತಿರುವ ಮನುಷ್ಯನಿಗೆ ಈ ನಡುವಿನ ದಿನಗಳು ತುಂಬಾ ಉದ್ದ. "ಇದು ನನಗೆ ಆಗಿಬರಲ್ಲ, ಹೀಟು" ಅಂತ ಬಿಟ್ಟುಬಿಡುವವರು ಹೆಚ್ಚಾಗಿ ಬಿಡುವುದು ಇಲ್ಲೇ. ಮೊದಲ ಭೇಟಿಯಲ್ಲಿ ಡಾಕ್ಟರು ಇದೊಂದು ಮಾತು ಬಿಡಿಸಿ ಹೇಳಿದ್ದರೆ ಎಷ್ಟೋ ಜನ ಉಳಿದುಕೊಳ್ಳುತ್ತಿದ್ದರು.

ಇದೇ ಹೊತ್ತಿನಲ್ಲಿ ಕಣ್ಣಿಡಬೇಕಾದ ಇನ್ನೊಂದಿದೆ. ಕೆಲವರಿಗೆ ಮೊದಲ ವಾರಗಳಲ್ಲಿ ವಿಪರೀತ ಚಡಪಡಿಕೆ ಬರುತ್ತದೆ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಮಾತ್ರೆಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಸುಮಾರು 4,400 ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದ 24 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಆತ್ಮಹತ್ಯೆಯ ಯೋಚನೆ ಅಥವಾ ವರ್ತನೆ ಔಷಧವೇ ಇಲ್ಲದ ಖಾಲಿ ಮಾತ್ರೆ ತಗೊಂಡವರಲ್ಲಿ 2%, ನಿಜವಾದ ಮಾತ್ರೆ ತಗೊಂಡವರಲ್ಲಿ 4% ಕಂಡಿತ್ತು. ಆ ಪ್ರಯೋಗಗಳಲ್ಲಿ ಒಬ್ಬರೂ ಆತ್ಮಹತ್ಯೆ ಮಾಡಿಕೊಂಡಿರಲಿಲ್ಲ. 2007ರಲ್ಲಿ ಈ ಎಚ್ಚರಿಕೆಯನ್ನು 24 ವರ್ಷದವರ ತನಕ ವಿಸ್ತರಿಸಿದರು. 65 ದಾಟಿದವರಲ್ಲಿ ಈ ಅಪಾಯ ಉಲ್ಟಾ ಕಡಿಮೆಯಾಗಿದ್ದು ಕಂಡಿತು. ಇದನ್ನು ಓದಿ ಮಗಳ ಮಾತ್ರೆ ಕಸಕ್ಕೆ ಎಸೆಯಬೇಡಿ, ಚಿಕಿತ್ಸೆ ಇಲ್ಲದ ಖಿನ್ನತೆಗೂ ಜೀವ ತೆಗೆಯುವ ಶಕ್ತಿ ಇದೆ. ಮಾತ್ರೆ ಶುರು ಮಾಡಿದಾಗ, ಡೋಸ್ ಬದಲಾದಾಗ ಮನೆಯವರು ಒಂದು ತಿಂಗಳು ಹತ್ತಿರ ಇರಬೇಕು, ಅಷ್ಟೇ. ಚಡಪಡಿಕೆ, ಸಿಡುಕು, ಸಾಯುವ ಮಾತು ಬಂದರೆ ಅವತ್ತೇ ಡಾಕ್ಟರಿಗೆ ತಿಳಿಸಿ. ಇದರ ಉಲ್ಟಾ ಕೂಡ ಆಗಬಹುದು: ನಿದ್ದೆಯೇ ಬೇಡ, ಮಾತು ನಿಲ್ಲುವುದಿಲ್ಲ, ದುಡ್ಡು ನೀರಿನಂತೆ ಖರ್ಚು. "ಅಬ್ಬಾ, ಹುಷಾರಾದ" ಅಂತ ಖುಷಿಪಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ, ಒಳಗೆ ಅಡಗಿದ್ದ ಬೈಪೋಲಾರ್ ಕಾಯಿಲೆ (ಮನಸ್ಸು ಖಿನ್ನತೆಗೂ ಅತಿ ಉತ್ಸಾಹಕ್ಕೂ ತೂಗಾಡುವುದು) ತಲೆ ಎತ್ತಿರಬಹುದು.

ಇನ್ನು ಯಾರೂ ಬಾಯಿ ಬಿಡದ ವಿಷಯಕ್ಕೆ ಬರೋಣ. ಲೈಂಗಿಕ ಆಸೆ ಕುಗ್ಗುವುದು, ಸುಖದ ತುದಿ ಮುಟ್ಟಲು ತುಂಬಾ ಹೊತ್ತು ಹಿಡಿಯುವುದು, ಮುಟ್ಟದೇ ಇರುವುದು. ಗಂಡಸರಿಗೂ ಆಗುತ್ತದೆ, ಹೆಂಗಸರಿಗೂ ಆಗುತ್ತದೆ. ಸ್ಪೇನ್‌ನಲ್ಲಿ 344 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 1997ರಲ್ಲಿ ಪ್ರಕಟವಾಯಿತು. ತಾವಾಗೇ ಈ ತೊಂದರೆ ಹೇಳಿಕೊಂಡವರು 14%. ಡಾಕ್ಟರೇ ನೇರವಾಗಿ ಕೇಳಿದಾಗ ಹೌದು ಅಂದವರು 58%. ಅದು ಸ್ಪೇನ್. ನಮ್ಮ ಕ್ಲಿನಿಕ್ಕುಗಳಲ್ಲಿ ಬಾಗಿಲು ಅರ್ಧ ತೆರೆದೇ ಇರುತ್ತದೆ, ಮುಂದಿನ ಟೋಕನ್ನಿನವರು ಒಳಗೆ ಬಂದು ನಿಂತಿರುತ್ತಾರೆ, ಪಕ್ಕದಲ್ಲಿ ಅತ್ತೆಯೋ ಅಣ್ಣನೋ ಕೂತಿರುತ್ತಾರೆ. ಅಲ್ಲಿ ಯಾರು ತಾನೇ ಹೇಳುತ್ತಾರೆ? ಹೊಸದಾಗಿ ಮದುವೆಯಾದ ಹುಡುಗನೋ ಹುಡುಗಿಯೋ ತನ್ನಲ್ಲೇ ಏನೋ ಕೊರತೆ ಅಂದುಕೊಂಡು ಒಳಗೊಳಗೇ ಕುದಿಯುತ್ತಿರುತ್ತಾರೆ. ಕಾರಣ ದಿನಾ ನುಂಗುವ ಒಂದು ಮಾತ್ರೆ ಆಗಿರಬಹುದು ಅನ್ನುವುದೇ ಹೊಳೆದಿರುವುದಿಲ್ಲ. ಖಿನ್ನತೆಯೂ ಆಸೆಯನ್ನು ಕುಗ್ಗಿಸುತ್ತದೆ ನಿಜ. ಆದರೆ ಮನಸ್ಸು ಸರಿಹೋದ ಮೇಲೂ ಇದು ಹಾಗೇ ಇದ್ದರೆ ಮಾತ್ರೆಯ ಮೇಲೆ ಅನುಮಾನ ಪಡಬೇಕಾದ್ದೇ.

ತಮಾಷೆ ಅಂದರೆ, ಇದೇ ಸೈಡ್ ಎಫೆಕ್ಟನ್ನು ಔಷಧವಾಗಿ ಮಾರುತ್ತಾರೆ! ಶೀಘ್ರಸ್ಖಲನಕ್ಕೆ ಕೊಡುವ ಡಪೊಕ್ಸೆಟಿನ್ ಇದೇ ಬಳಗದ ಮಾತ್ರೆ, ಮೈಯಿಂದ ಬೇಗ ಹೊರಹೋಗುತ್ತದೆ ಅನ್ನುವುದೇ ವ್ಯತ್ಯಾಸ. ಈ ತೊಂದರೆ ವಾಕರಿಕೆಯ ಹಾಗೆ ತಾನಾಗೇ ಹೋಗುವುದು ಕಡಿಮೆ. ಆದರೆ ಪರಿಹಾರವಿದೆ. ಡೋಸ್ ಇಳಿಸಬಹುದು, ಬುಪ್ರೊಪಿಯಾನ್ ಅಥವಾ ಮಿರ್ಟಾಜಪಿನ್‌ನಂಥ ಬೇರೆ ಬಗೆಯ ಮಾತ್ರೆಗೆ ಬದಲಾಯಿಸಬಹುದು. (ಮಿರ್ಟಾಜಪಿನ್‌ನಲ್ಲಿ ಹಸಿವೂ ನಿದ್ದೆಯೂ ಜಾಸ್ತಿ, ತೂಕ ಏರುತ್ತದೆ. ಒಂದು ಬಿಟ್ಟರೆ ಇನ್ನೊಂದು, ಏನು ಮಾಡೋದು!) ಬದಲಾಯಿಸಬೇಕಾದರೆ ಡಾಕ್ಟರಿಗೆ ಗೊತ್ತಾಗಬೇಕು. ಬಾಯಲ್ಲಿ ಹೇಳಲು ಮುಜುಗರವಾದರೆ ಚೀಟಿಯಲ್ಲಿ ಬರೆದು ಕೊಡಿ, ಅವರೇನೂ ಅಂದುಕೊಳ್ಳುವುದಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ದೂರಿದೆ. "ಅಳು ನಿಂತಿದೆ, ಆದರೆ ನಗುವೂ ಬರ್ತಿಲ್ಲ." ದುಃಖದ ಜೊತೆ ಸಂತೋಷವೂ ಮೊಂಡಾಗುವುದು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೇಂಬ್ರಿಜ್ ಮತ್ತು ಕೋಪನ್‌ಹೇಗನ್‌ನ ಸಂಶೋಧಕರು ಖಿನ್ನತೆ ಇಲ್ಲದ ಆರೋಗ್ಯವಂತರಿಗೆ ಮೂರು ವಾರಕ್ಕೂ ಮೇಲೆ ಎಸಿಟಾಲೊಪ್ರಾಮ್ ಕೊಟ್ಟು ನೋಡಿದರು. ಸರಿ ಉತ್ತರಕ್ಕೆ ಬಹುಮಾನ ಸಿಗುವ ಆಟದಲ್ಲಿ, ಮಾತ್ರೆ ತಗೊಂಡವರಿಗೆ ಬಹುಮಾನದ ಸುಳಿವು ಅಷ್ಟಾಗಿ ತಟ್ಟುತ್ತಿರಲಿಲ್ಲ. ಅಂದರೆ ಈ ದೂರು ಬರೀ ಮನಸ್ಸಿನ ಭ್ರಮೆ ಅಂತ ತಳ್ಳಿಹಾಕುವಂತಿಲ್ಲ.

ವಯಸ್ಸಾದವರ ಕತೆಯೇ ಬೇರೆ. ಅವರ ಮಾತ್ರೆ ಡಬ್ಬಿಯಲ್ಲಿ ಆಗಲೇ ನಾಲ್ಕೈದು ಇರುತ್ತವೆ. ಎಷ್ಟೋ ಬಿಪಿ ಮಾತ್ರೆಗಳ ಹೆಸರಿನ ಕೊನೆಗೆ ಒಂದು 'ಎಚ್' ಇರುತ್ತದೆ, ಗಮನಿಸಿ. ಮೂತ್ರ ಜಾಸ್ತಿ ಮಾಡಿಸುವ ಹೈಡ್ರೋಕ್ಲೋರೋಥಯಜೈಡ್ ಸೇರಿದೆ ಅಂತ ಅದರ ಗುರುತು. ಅದರ ಜೊತೆ ಖಿನ್ನತೆಯ ಮಾತ್ರೆ ಸೇರಿದರೆ, ಮೈ ನೀರನ್ನು ಹಿಡಿದಿಟ್ಟುಕೊಂಡು ರಕ್ತದ ಸೋಡಿಯಂ ಕುಸಿಯಬಹುದು. 135ರಿಂದ 145ರೊಳಗೆ ಇರಬೇಕಾದದ್ದು 120ರ ಹತ್ತಿರ ಬಂದರೆ ಅಜ್ಜಿಗೆ ಮಂಕು ಕವಿಯುತ್ತದೆ, ಮಾತು ತಡವರಿಸುತ್ತದೆ, ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ. ಮನೆಯಲ್ಲಿ "ವಯಸ್ಸಾಯ್ತಲ್ವಾ, ಅರಳು ಮರಳು" ಅಂದು ಸುಮ್ಮನಾಗುತ್ತಾರೆ. ಇದು ಹೆಚ್ಚಾಗಿ ಆಗುವುದು ಮೊದಲ ಕೆಲವು ವಾರಗಳಲ್ಲಿ, ಪತ್ತೆಗೆ ಒಂದು ಸಾಮಾನ್ಯ ರಕ್ತ ಪರೀಕ್ಷೆ ಸಾಕು.

ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೇನ್ ಇವೆಯಲ್ಲ, ಅವುಗಳ ಜೊತೆಯೂ ಹುಷಾರು. ಪ್ಲೇಟ್‌ಲೆಟ್‌ಗಳು ರಕ್ತ ಹೆಪ್ಪುಗಟ್ಟಿಸಲು ಸೆರೊಟೋನಿನ್ ಬಳಸುತ್ತವೆ, ಈ ಮಾತ್ರೆ ಅದು ಅವಕ್ಕೆ ಸಿಗದ ಹಾಗೆ ಮಾಡುತ್ತದೆ. ನೋವಿನ ಮಾತ್ರೆ ಹೊಟ್ಟೆಯ ಒಳಪದರ ಕೆರೆಯುತ್ತದೆ. ಎರಡೂ ಸೇರಿದರೆ ಹೊಟ್ಟೆಯೊಳಗೆ ರಕ್ತ ಒಸರುವ ಸಂಭವ ಹೆಚ್ಚು. ಮಲ ಡಾಂಬರಿನಂತೆ ಕಪ್ಪಾದರೆ ತಡ ಮಾಡಬೇಡಿ. ಹಾಗೇ ಟ್ರಮಡಾಲ್ ಎಂಬ ನೋವಿನ ಮಾತ್ರೆ, ಡೆಕ್ಸ್ಟ್ರೋಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್, ಇವು ಕೂಡ ಸೆರೊಟೋನಿನ್ ಏರಿಸುವಂಥವು. ಕೈ ನಡುಕ, ಜ್ವರ, ಧಾರಾಕಾರ ಬೆವರು, ಗಲಿಬಿಲಿ ಒಟ್ಟಿಗೆ ಬಂದರೆ ಅದು ನೇರ ಎಮರ್ಜೆನ್ಸಿ ವಾರ್ಡಿಗೆ ಹೋಗುವ ವಿಷಯ. ಅಪರೂಪ, ಆದರೆ ಗೊತ್ತಿರಲಿ.

ಸ್ವಲ್ಪ ಹಿಂದಕ್ಕೆ ಹೋಗೋಣ. ಖಿನ್ನತೆಯ ಮೊದಲ ಮಾತ್ರೆ ಸಿಕ್ಕಿದ್ದೇ ಸೈಡ್ ಎಫೆಕ್ಟ್ ಆಗಿ. 1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯಕ್ಕೆ ಇಪ್ರೊನಯಜಿಡ್ ಎಂಬ ಔಷಧ ಕೊಟ್ಟರೆ, ಮಂಕಾಗಿ ಮಲಗಿದ್ದ ರೋಗಿಗಳು ಎದ್ದು ಓಡಾಡಿ ನಗತೊಡಗಿದರು. 1957ರ ಹೊತ್ತಿಗೆ ಅದನ್ನು ಖಿನ್ನತೆಗೆ ಕೊಡಲು ಶುರು ಮಾಡಿದರು. ಆ ಬಗೆಯ ಮಾತ್ರೆ ತಗೊಂಡ ಕೆಲವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಬಿಪಿ ಆಕಾಶಕ್ಕೆ. ಕಾರಣ ಡಾಕ್ಟರುಗಳಿಗೆ ತಿಳಿಯಲಿಲ್ಲ. ಸುಳಿವು ಕೊಟ್ಟವರು ಇಂಗ್ಲೆಂಡಿನ ರೋವ್ ಎಂಬ ಫಾರ್ಮಸಿಸ್ಟ್. ನನ್ನ ಹೆಂಡತಿಗೆ ಚೀಸ್ ತಿಂದಾಗ ಎರಡು ಸಲ ಹೀಗಾಯಿತು, ಹಾಲು ಬೆಣ್ಣೆಗೆ ಏನೂ ಆಗಲಿಲ್ಲ ಅಂತ ಲಂಡನ್ನಿನ ಡಾಕ್ಟರ್ ಬ್ಯಾರಿ ಬ್ಲ್ಯಾಕ್‌ವೆಲ್‌ಗೆ ಕಾಗದ ಬರೆದರು. ಹಳೆಯ ಚೀಸ್‌ನಲ್ಲಿರುವ, ಬಿಪಿ ಏರಿಸುವ ಟೈರಮಿನ್ ಎಂಬ ವಸ್ತುವನ್ನು ಒಡೆಯುವ ಕಿಣ್ವವನ್ನೇ ಮಾತ್ರೆ ಕಟ್ಟಿಹಾಕಿತ್ತು. 1963ರಲ್ಲಿ ಬ್ಲ್ಯಾಕ್‌ವೆಲ್ ಇದನ್ನು ಪ್ರಕಟಿಸಿದರು. ಅಡುಗೆಮನೆಯಲ್ಲಿ ಒಬ್ಬರು ಗಮನಿಸಿ, ಬಾಯಿಬಿಟ್ಟು ಹೇಳಿದ್ದಕ್ಕೆ ವೈದ್ಯಲೋಕಕ್ಕೆ ಗೊತ್ತಾಯಿತು. ಆ ಮಾತ್ರೆಗಳ ಬಳಕೆ ಈಗ ತುಂಬಾ ಕಡಿಮೆ.

ಉಳಿದದ್ದು ಬಿಡುವ ವಿಷಯ. "ಇದು ಅಂಟಿಕೊಂಡುಬಿಡುತ್ತಾ?" ಎಲ್ಲರೂ ಕೇಳುವ ಪ್ರಶ್ನೆ ಇದು. ಹೆಂಡದ ಹಾಗೆ ಇನ್ನಷ್ಟು ಬೇಕು ಅನ್ನಿಸುವ ಚಟ ಇದಲ್ಲ. ಆದರೆ ತಿಂಗಳುಗಟ್ಟಲೆ ಇದಕ್ಕೆ ಒಗ್ಗಿಕೊಂಡ ನರಮಂಡಲ, ಥಟ್ಟನೆ ನಿಲ್ಲಿಸಿದರೆ ಗಲಾಟೆ ಮಾಡುತ್ತದೆ: ತಲೆಸುತ್ತು, ವಾಕರಿಕೆ, ವಿಚಿತ್ರ ಕನಸು, ಸಿಡುಕು, ಕಣ್ಣು ಹೊರಳಿಸಿದಾಗ ತಲೆಯೊಳಗೆ ಕರೆಂಟ್ ಹೊಡೆದಂಥ ಜುಮ್ಮೆನ್ನುವಿಕೆ. ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಮೈಯಿಂದ ಬೇಗ ಖಾಲಿಯಾಗುತ್ತವೆ, ಅವುಗಳಲ್ಲಿ ಇದು ಜಾಸ್ತಿ. ಫ್ಲೂಆಕ್ಸೆಟಿನ್ ವಾರಗಟ್ಟಲೆ ಉಳಿಯುವುದರಿಂದ ಕಡಿಮೆ. 2024ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾತ್ರೆ ಬಿಟ್ಟವರಲ್ಲಿ 31% ಜನರಿಗೆ ಏನಾದರೂ ಒಂದು ತೊಂದರೆ ಆಗಿತ್ತು. ಖಾಲಿ ಮಾತ್ರೆ ಬಿಟ್ಟವರಲ್ಲೂ 17% ಜನರಿಗೆ ಆಗಿತ್ತು! ಅಂದರೆ ಒಂದು ಪಾಲು ನಮ್ಮ ನಿರೀಕ್ಷೆಯದು, ಇನ್ನೊಂದು ಪಾಲು ನಿಜಕ್ಕೂ ಮಾತ್ರೆಯದು. ಇದನ್ನೇ ಕಾಯಿಲೆ ಮರುಕಳಿಸಿತು ಅಂತ ತಪ್ಪಾಗಿ ತಿಳಿದು ಮತ್ತೆ ಜೀವನಪೂರ್ತಿ ಮಾತ್ರೆಗೆ ಕಟ್ಟುಬೀಳುವವರಿದ್ದಾರೆ. ನಿಲ್ಲಿಸಿದ ಕೆಲವೇ ದಿನಗಳಲ್ಲಿ ತಲೆಸುತ್ತು, ಜುಮ್ಮೆನ್ನುವಿಕೆಯಂಥ ಮೈಯ ತೊಂದರೆ ಬಂದರೆ ಅದು ಬಿಟ್ಟಿದ್ದರ ಪರಿಣಾಮವಿರಬಹುದು. ಮರಳಿ ಬರುವ ಖಿನ್ನತೆ ಸಾಮಾನ್ಯವಾಗಿ ವಾರ, ತಿಂಗಳುಗಳ ಮೇಲೆ ಮೆಲ್ಲಗೆ ಬರುತ್ತದೆ.

ನಿಧಾನವಾಗಿ ಬಿಡಬೇಕು ಅಂತ ಎಲ್ಲರೂ ಹೇಳುತ್ತಾರೆ, ಎಷ್ಟು ನಿಧಾನ ಅನ್ನುವುದೇ ಪ್ರಶ್ನೆ. ಸಾಮಾನ್ಯ ಕನಿಷ್ಠ ಡೋಸಿನಲ್ಲೇ ಸೆರೊಟೋನಿನ್ ಒಳಗೆಳೆದುಕೊಳ್ಳುವ ಮೆದುಳಿನ ಆ ಪ್ರೋಟೀನ್‌ನ ಸುಮಾರು 80% ಅಡ್ಡಗಟ್ಟಿರುತ್ತದೆ ಅಂತ ಮೆದುಳಿನ ಪೆಟ್ ಸ್ಕ್ಯಾನ್‌ಗಳು ತೋರಿಸಿವೆ. ಡೋಸನ್ನು ಅರ್ಧಕ್ಕೆ ಇಳಿಸಿದರೆ ಪರಿಣಾಮ ಅರ್ಧಕ್ಕೆ ಇಳಿಯುವುದಿಲ್ಲ, ಸ್ವಲ್ಪವೇ ಇಳಿಯುತ್ತದೆ. ದೊಡ್ಡ ಕುಸಿತ ಇರುವುದು ಆ ಸಣ್ಣ ಡೋಸಿನಿಂದ ಸೊನ್ನೆಗೆ ಬರುವಾಗ. ಕೊನೆಯ ಮೆಟ್ಟಿಲೇ ಎಲ್ಲಕ್ಕಿಂತ ಎತ್ತರ ಇರುವ ಏಣಿ ಇದು. ಹಾಗಾಗಿ ಕೊನೆಕೊನೆಗೆ ಇನ್ನೂ ಚಿಕ್ಕ ಹೆಜ್ಜೆ ಇಡಬೇಕು ಅಂತ 2019ರಲ್ಲಿ ಸಂಶೋಧಕರಾದ ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ ಬರೆದರು, ಮರುವರ್ಷ ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು ಈ ಬಗ್ಗೆ ಜನಸಾಮಾನ್ಯರಿಗೆ ಮಾರ್ಗದರ್ಶಿ ಹೊರತಂದಿತು. ನಮ್ಮಲ್ಲಿ ಎಸಿಟಾಲೊಪ್ರಾಮ್ ಜೊತೆ ಆತಂಕ ತಗ್ಗಿಸುವ ಕ್ಲೊನಜೆಪಾಮ್ ಸೇರಿಸಿ ಒಂದೇ ಮಾತ್ರೆ ಮಾಡಿ ಮಾರುತ್ತಾರೆ, ಅದು ಬೇರೆ ತಲೆನೋವು. ಕ್ಲೊನಜೆಪಾಮ್‌ಗಾದರೋ ಚಟ ಹತ್ತಿಸುವ ಗುಣ ಇದೆ, ಏಕಾಏಕಿ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಎರಡೂ ಒಂದೇ ಮಾತ್ರೆಯಲ್ಲಿದ್ದರೆ ಒಂದನ್ನು ಇಳಿಸಿ ಇನ್ನೊಂದನ್ನು ಉಳಿಸಿಕೊಳ್ಳುವುದು ಹೇಗೆ? ನಿಮ್ಮ ಸ್ಟ್ರಿಪ್ಪಿನ ಮೇಲೆ ಎರಡು ಹೆಸರಿವೆಯಾ ಅಂತ ಒಮ್ಮೆ ನೋಡಿ, ಇದ್ದರೆ ಮುಂದಿನ ಭೇಟಿಯಲ್ಲಿ ಕೇಳಿ.

ರಾತ್ರಿ ಹೊತ್ತು ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆಯಿಂದ ಆದ ತೊಂದರೆಯನ್ನು ಸರ್ಕಾರಕ್ಕೆ ತಿಳಿಸಲು 1800-180-3024 ಇದೆ, ಘಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗ ನಡೆಸುವಂಥದ್ದು. ಡಾಕ್ಟರೇ ತಿಳಿಸಬೇಕು ಅಂತೇನಿಲ್ಲ. ರೋಗಿಗಳೇ ತುಂಬುವ ಫಾರ್ಮ್ ಕನ್ನಡದಲ್ಲೂ ಸಿಗುತ್ತದೆ. ಮಾತ್ರೆಯ ಹೆಸರು, ಡೋಸ್, ಶುರು ಮಾಡಿದ ದಿನ, ತೊಂದರೆ ಶುರುವಾದ ದಿನ, ಜೊತೆಗೆ ತಗೊಳ್ಳುತ್ತಿದ್ದ ಬೇರೆ ಮಾತ್ರೆಗಳು, ಇಷ್ಟು ಬರೆದಿಟ್ಟುಕೊಂಡರೆ ಅಲ್ಲೂ ನಡೆಯುತ್ತದೆ, ಡಾಕ್ಟರ ಮುಂದೂ ನಡೆಯುತ್ತದೆ.