ಥೆರಪಿ ಒಂದು ಗಂಟೆ, ಮನೆ ತೊಂಬತ್ತು ಗಂಟೆ

ನಾಲ್ಕು ವರ್ಷದ ಮಗು ದಿನಕ್ಕೆ 11 ಗಂಟೆ ನಿದ್ದೆ ಮಾಡುತ್ತದೆ ಎಂದಿಟ್ಟುಕೊಳ್ಳಿ. ಎಚ್ಚರವಾಗಿರುವ ಹೊತ್ತು ವಾರಕ್ಕೆ 91 ಗಂಟೆ. ಮೂಡಿಗೆರೆ ಆಚೆಯ ಹಳ್ಳಿಯಿಂದ ಬಸ್ಸು ಹಿಡಿದು ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗಿಬರುವ ಆಟಿಸಂ ಇರುವ ಮಗುವಿಗೆ ಅದರಲ್ಲಿ ಥೆರಪಿ ಎಂದು ಸಿಕ್ಕರೆ ಒಂದೋ ಎರಡೋ ಗಂಟೆ. ಮಳೆಗಾಲ ಹಿಡಿದರೆ ಅದೂ ತಪ್ಪುತ್ತದೆ. ಮಿಕ್ಕ ಹೊತ್ತೆಲ್ಲ ಮಗು ಅಮ್ಮನ ಹಿಂದೆ, ಅಜ್ಜಿಯ ಅಡುಗೆಮನೆಯಲ್ಲಿ, ಕಾಫಿ ಕಣದ ಅಂಚಿನಲ್ಲಿ ಇರುತ್ತದೆ. ನಾವು ವಿಚಾರಿಸುವುದು ಮಾತ್ರ ಆ ಒಂದು ಗಂಟೆಯನ್ನು: ಯಾರು ಚೆನ್ನಾಗಿ ಮಾಡಿಸ್ತಾರೆ, ಫೀಸ್ ಎಷ್ಟು?

ಲೆಕ್ಕಕ್ಕಿಂತ ದೊಡ್ಡ ಕಾರಣವೂ ಒಂದಿದೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದು ಕಷ್ಟ. ಥೆರಪಿ ಕೋಣೆಯ ಕೆಂಪು ಲೋಟ ನೋಡಿ ‘ನೀರು’ ಎನ್ನುವ ಮಗು ಮನೆಯ ಸ್ಟೀಲ್ ಲೋಟದ ಮುಂದೆ ಬಾಯಿ ಬಿಡದಿರಬಹುದು. ಹಟ ಎಂದು ಗದರಿ ಪ್ರಯೋಜನವಿಲ್ಲ. ಯಾವ ಮಾತು ಎಲ್ಲಿ ಬೇಕೋ ಅಲ್ಲೇ, ಅದೇ ಜನರ ಜೊತೆ ಕಲಿಯಬೇಕು.

ಇಂಥ ಮಕ್ಕಳಿಗೆ ಕೊಡುವ ವರ್ತನಾ ಚಿಕಿತ್ಸೆ (ನಡವಳಿಕೆಯ ಕಾರಣ ನೋಡಿ ಹೊಸದನ್ನು ಕಲಿಸುವ ವಿಧಾನ) ಕೇಳುವುದು ಮೂರು ಪ್ರಶ್ನೆ: ಮೊದಲು ಏನಾಯಿತು, ಮಗು ಏನು ಮಾಡಿತು, ಅದರಿಂದ ಮಗುವಿಗೆ ಏನು ಸಿಕ್ಕಿತು. ಮಾತು ಬಾರದ ಹುಡುಗನೊಬ್ಬ ಅಟ್ಟದ ಮೇಲಿನ ಚಕ್ಕುಲಿ ಡಬ್ಬಿ ನೋಡಿ ಕಿರುಚುತ್ತಾನೆ. ಕೈಗೆ ಚಕ್ಕುಲಿ ಬಂತು, ಕಿರುಚಾಟ ನಿಂತಿತು. ಕಿರುಚಿದರೆ ಸಿಗುತ್ತದೆ ಎಂದು ಹುಡುಗ ಕಲಿತ, ಕೊಟ್ಟರೆ ಮನೆ ಶಾಂತವಾಗುತ್ತದೆ ಎಂದು ಅಮ್ಮ ಕಲಿತರು. ಇಲ್ಲಿ ಚಕ್ಕುಲಿ ಬಂದ್ ಮಾಡುವುದು ಪರಿಹಾರವಲ್ಲ. ಕೇಳುವ ಬೇರೆ ದಾರಿ ಕೊಡಬೇಕು. ಅಳು ಶುರುವಾಗುವ ಮೊದಲೇ ಅವನ ಕೈ ಹಿಡಿದು ಡಬ್ಬಿಯ ಕಡೆ ಬೆರಳು ತೋರಿಸಿ, ತಕ್ಷಣ ಒಂದು ಚೂರು ಕೊಡುವುದು. ದಿನ ಕಳೆದಂತೆ ಕೈ ಹಿಡಿಯುವುದನ್ನು ಬಿಟ್ಟು ಮೊಣಕೈ ಮುಟ್ಟಿದರೆ ಸಾಕು. ಆಮೇಲೆ ಅದೂ ಬೇಡ. ದೊಡ್ಡ ಚೂರು ಕೊಡಬೇಡಿ, ಮತ್ತೆ ಕೇಳಲು ಅವಕಾಶವೇ ಇರುವುದಿಲ್ಲ.

ಕೆಲಸ ಕೆಡುವುದು ಕಿರುಚಿದ ಕೂಡಲೇ ಕೊಟ್ಟುಬಿಡುವ ಅಜ್ಜಿಯಿಂದ. (ಅಜ್ಜಿಯಂದಿರು ಕ್ಷಮಿಸಬೇಕು, ಅಪ್ಪಂದಿರೂ ಕಮ್ಮಿಯಿಲ್ಲ.) ಹತ್ತು ಸಲ ಕಿರುಚಿದಾಗ ಒಂದೇ ಸಲ ಸಿಕ್ಕರೂ ಕಿರುಚಾಟ ಸಾಯುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಯಾವಾಗಲೋ ಒಮ್ಮೆ ಸಿಗುವ ಪ್ರತಿಫಲವೇ ಅಭ್ಯಾಸವನ್ನು ಹೆಚ್ಚು ಕಾಲ ಉಳಿಸುತ್ತದೆಂದು ಪ್ರಯೋಗಾಲಯಗಳು ಬಹಳ ಹಿಂದೆಯೇ ತೋರಿಸಿವೆ. ಕೊಡುವುದನ್ನು ನಿಲ್ಲಿಸಿದಾಗ ಮೊದಲು ಅಳು ಜೋರಾಗುವುದೂ ಗೊತ್ತಿರುವ ಸಂಗತಿ. ಹೆಚ್ಚಿನವರು ಕೈಚೆಲ್ಲುವುದು ಅಲ್ಲೇ. ಹಾಗಾಗಿ ಅಮ್ಮನೊಬ್ಬರಿಗೆ ಹೇಳಿಕೊಟ್ಟರೆ ಸಾಲದು, ಮನೆಮಂದಿಗೆಲ್ಲ ತಿಳಿದಿರಬೇಕು.

ಎಲ್ಲ ಕಿರುಚಾಟವೂ ಬೇಡಿಕೆಯಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಶುರುವಾದ ಕೂಡಲೇ ಕಿವಿ ಮುಚ್ಚಿಕೊಂಡು ಚೀರುವ ಮಗುವಿಗೆ ಆ ಸದ್ದು ನಿಜಕ್ಕೂ ತಡೆಯಲಾಗದಿರಬಹುದು. ಅಲ್ಲಿ ನಿರ್ಲಕ್ಷಿಸುವುದು ಕ್ರೌರ್ಯ. ಮಗುವನ್ನು ದೂರ ಕರೆದೊಯ್ಯಬೇಕು. ಯಾವುದು ಏಕೆ ಎಂದು ಗುರುತಿಸಬಲ್ಲವರು ದಿನವೂ ಜೊತೆಗಿರುವವರೇ.

ಹೀಗೆಂದರೆ ತಾಯಿಯ ತಲೆಗೇ ಎಲ್ಲ ಕಟ್ಟಿದಂತಾಗುವ ಅಪಾಯವಿದೆ, ಮತ್ತು ಅದಕ್ಕೆ ಕೆಟ್ಟ ಇತಿಹಾಸವೂ ಇದೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ಮನೋವೈದ್ಯ ಆಟಿಸಂ ಬಗ್ಗೆ ಬರೆದ ಮೇಲೆ ಎರಡು ದಶಕ, ತಾಯಿಯ ಪ್ರೀತಿ ಸಾಲದ್ದಕ್ಕೇ ಹೀಗಾಗುತ್ತದೆಂದು ದೊಡ್ಡ ವೈದ್ಯರೇ ನಂಬಿದ್ದರು. 1964ರಲ್ಲಿ ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞ ಅದನ್ನು ಬುಡಸಹಿತ ಪ್ರಶ್ನಿಸಿದರು. ಅವರ ಮಗನಿಗೂ ಆಟಿಸಂ ಇತ್ತು. ಇದು ಮಿದುಳಿನ ಬೆಳವಣಿಗೆಯ ಭಿನ್ನತೆ, ಅನುವಂಶೀಯತೆಯ ಪಾಲು ದೊಡ್ಡದು.

ಚಿಕಿತ್ಸೆಯ ಚರಿತ್ರೆಯೂ ಸ್ವಚ್ಛವಲ್ಲ. 1987ರ, ಮನಶ್ಶಾಸ್ತ್ರಜ್ಞ ಐವರ್ ಲೋವಾಸ್ ಅವರ ಪ್ರಸಿದ್ಧ ಅಧ್ಯಯನದಲ್ಲಿ ವಾರಕ್ಕೆ 40 ಗಂಟೆ ತರಬೇತಿಯಿತ್ತು. ಗದರುವುದು, ತೊಡೆಗೆ ಹೊಡೆಯುವುದೂ ಇತ್ತು. ವಯಸ್ಕರಾದ ಆಟಿಸಂ ಉಳ್ಳ ಹಲವರು ಇಂಥ ತರಬೇತಿಯನ್ನು ಇಂದು ಕಟುವಾಗಿ ಟೀಕಿಸುತ್ತಾರೆ. ಯಾರಿಗೂ ತೊಂದರೆ ಕೊಡದೆ ಕೈಗಳನ್ನು ರೆಕ್ಕೆಯಂತೆ ಬಡಿಯುವ ಮಗುವಿನ ಕೈ ಹಿಡಿದು ನಿಲ್ಲಿಸುವುದರಲ್ಲಿ, ಕಣ್ಣಲ್ಲಿ ಕಣ್ಣಿಡು ಎಂದು ಪೀಡಿಸುವುದರಲ್ಲಿ ನನಗೂ ಅರ್ಥ ಕಾಣುವುದಿಲ್ಲ.

ಈಗಿನ ವಿಧಾನಗಳು ಆಟದೊಳಗೇ ಕಲಿಸುತ್ತವೆ. ಅದರಲ್ಲಿ ನಮಗೆ ಹತ್ತಿರದ್ದು 2016ರಲ್ಲಿ ಪ್ರಕಟವಾದ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯ ಅಧ್ಯಯನ. 65 ಮಕ್ಕಳು, ಹೇಳಿಕೊಟ್ಟವರು ತಜ್ಞರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ತಾಯಿ-ಮಗು ಆಡುವುದನ್ನು ವಿಡಿಯೋ ಮಾಡಿ, ಆಮೇಲೆ ಕಾರ್ಯಕರ್ತರೂ ಪೋಷಕರೂ ಕೂತು ನೋಡುವುದು: ಮಗು ಏನು ನೋಡುತ್ತಿತ್ತು, ನಾವು ಎಲ್ಲಿ ಅವಸರ ಮಾಡಿದೆವು. ಪೋಷಕರು ಮಗುವಿನ ಲಯಕ್ಕೆ ಸ್ಪಂದಿಸುವುದು ಹೆಚ್ಚಿತು, ಮಗು ತಾನಾಗಿ ಸಂವಹನಕ್ಕೆ ಮುಂದಾಗುವುದೂ ಹೆಚ್ಚಿತು. ಆದರೆ ಇಬ್ಬರೂ ಒಂದೇ ವಸ್ತುವಿನತ್ತ ಗಮನ ಹಂಚಿಕೊಳ್ಳುವುದು ಹೆಚ್ಚಲಿಲ್ಲ, ಕಡಿಮೆಯೇ ಆಯಿತು. ಪವಾಡವಲ್ಲ, ಆದರೆ ಹಾಸನದಂಥ ಜಿಲ್ಲೆಯಲ್ಲಿ ನಡೆಸಬಹುದಾದ ಕೆಲಸ.

‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಬಜೆ ತೇದು ನೆಕ್ಕಿಸುತ್ತಾ ಕಾಯುವ ಮನೆಗಳು ಇನ್ನೂ ಇವೆ. ಹೆಸರು ಕರೆದರೆ ತಿರುಗದ, ಬೆರಳು ಮಾಡಿ ತೋರಿಸದ ಒಂದೂವರೆ ವರ್ಷದ ಮಗುವನ್ನು ಕಾಯದೆ ವೈದ್ಯರಿಗೆ ತೋರಿಸಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ಬರುವುದು ಇಂಥ ಮಕ್ಕಳನ್ನು ಗುರುತಿಸಲಿಕ್ಕೂ ಹೌದು. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಎಲ್ಲಿಗೇ ಹೋದರೂ ಥೆರಪಿ ಮುಗಿದ ಮೇಲೆ ‘ಈ ವಾರ ಮನೆಯಲ್ಲಿ ನಾವೇನು ಮಾಡಬೇಕು, ಒಮ್ಮೆ ಮಾಡಿ ತೋರಿಸಿ’ ಎಂದು ಕೇಳಿ. ಅದಕ್ಕೆ ಪುರುಸೊತ್ತಿಲ್ಲದವರು, ಪೋಷಕರನ್ನು ಯಾವಾಗಲೂ ಬಾಗಿಲ ಹೊರಗೇ ಕೂರಿಸುವವರು ಸಿಕ್ಕರೆ ಬೇರೆ ಕಡೆ ವಿಚಾರಿಸುವುದು ಒಳ್ಳೆಯದು.